ಅಟ್ಟವನ್ನು ಕಿತ್ತ ಕಥೆ

ಸಂಸಾರದಲ್ಲಿ ಪಳಗಿದವರೆಲ್ಲರೂ ಅನುಭವದಿಂದ ಬಲ್ಲ ಸಂಗತಿಯೊಂದುಂಟು. ಮನೆಯಲ್ಲಿ ಯಾವ ಮೂಲೆಯು ಸುಮ್ಮನೆ ಸ್ಥಳವನ್ನು ನುಂಗುತ್ತಿದೆಯೆಂದು ತೋರುವುದೋ ಆ ಮೂಲೆಯೇ ಮದುವೆ ಮುಂಜಿಗಳ ಕಾಲದಲ್ಲಿ ಮೊದಲು ಬೇಕಾಗುವುದು. ಮಲೆನಾಡಿನ ಹಳೆಯ ಮನೆಗಳ ಅಟ್ಟ ಇಂತಹುದು. ವರ್ಷದ ಹನ್ನೊಂದು ತಿಂಗಳು ಅತ್ತ ಯಾರೂ ತಲೆಯೆತ್ತಿ ನೋಡುವುದಿಲ್ಲ. ಹನ್ನೆರಡನೆಯ ತಿಂಗಳಲ್ಲಿ ಅಟ್ಟವಿಲ್ಲದ ಮನೆ ಮನೆಯೇ ಅಲ್ಲ. ಇಷ್ಟನ್ನು ಬಲ್ಲ ನಾವು, ನಮ್ಮ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅಟ್ಟವನ್ನೇ ಕಿತ್ತು ಹಾಕಿದೆವು. ಅದರಿಂದಾದ ನಷ್ಟವನ್ನು ಹೇಳಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆ. ಆದರೂ ಇಂತಹ ಯಂತ್ರವು ಈಗ ಅನೇಕ ಮನೆಗಳಲ್ಲಿ ಇರುವುದರಿಂದ, ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ಕಂಪ್ಯೂಟರನ್ನು ಕೊಂಡದ್ದು 2017ರಲ್ಲಿ. ಅದರಲ್ಲಿ 4 ಜಿಬಿ ರ‍್ಯಾಮ್, ವಿಂಡೋಸ್ ನೆಲಸಿರುವ 120 ಜಿಬಿಯ 'ಸಿ' ಎಂಬ ವೇಗದ ಡಿಸ್ಕು, ಅದಲ್ಲದೆ ಸಾವಿರ ಜಿಬಿಯ 'ಡಿ' ಎಂಬ ತಿರುಗುವ ಡಿಸ್ಕು, ಇಷ್ಟು ಸಂಪತ್ತು. ಮಗಳ ಪಾಠ, ನಮ್ಮ ಲೆಕ್ಕಪತ್ರ, ಫೋಟೋಗಳು, ಎಲ್ಲವೂ ಅದರಲ್ಲಿಯೇ ನಡೆಯುತ್ತಿದ್ದುವು. 2021ರ ಮಳೆಗಾಲ ಕಳೆದ ಮೇಲೆ ಸಾಗರದ ಸೀಮೆಯಿಂದ ನಮ್ಮ ಅತ್ತೆಯವರು ಬಂದು ನಮ್ಮೊಡನೆ ಇರತೊಡಗಿದರು. ಆಗ ಅವರಿಗೆ 83 ವರ್ಷ. ಕಣ್ಣು ಮಂದ, ಕಾಲು ನೋವು. ಆದರೆ ಕಂಠದಲ್ಲಿ ಹಾಡುಗಳು ಉಳಿದಿದ್ದುವು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಇವೊಂದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿಯೋಣವೆಂದರೆ, "ಅದನ್ನು ಮುಖಕ್ಕೆ ಹಿಡಿದರೆ ನನ್ನ ಗಂಟಲು ಕಟ್ಟುತ್ತದೆ" ಎಂದು ಅವರು ಒಪ್ಪಲಿಲ್ಲ. ಆದುದರಿಂದ ಮಧ್ಯಾಹ್ನದ ಹೊತ್ತು ಅವರು ಮೆಲ್ಲನೆ ಹೇಳುವುದು, ನಮ್ಮ ಮನೆಯವರು ಕಂಪ್ಯೂಟರಿನ ಮುಂದೆ ಕುಳಿತು ಬೆರಳಚ್ಚು ಮಾಡುವುದು, ಹೀಗೆ ಏರ್ಪಾಡಾಯಿತು.

ಈ ಮಧ್ಯೆ 'ಸಿ' ಡಿಸ್ಕಿನ ಗುರುತಿನ ಪಟ್ಟಿಯು ಕೆಂಪಾಯಿತು. ಸ್ಥಳವಿಲ್ಲವೆಂದು ಯಂತ್ರವು ದಿನಕ್ಕೆರಡು ಸಲ ದೂರತೊಡಗಿತು. ಮನೆಯ ಯಜಮಾನರಾದ ನಾವು ಸುಮ್ಮನಿರಲಾದೀತೇ? ಕಳ್ಳನನ್ನು ಹುಡುಕಲು ಹೊರಟೆವು. ಮರೆಯಲ್ಲಿರುವ ಕಡತಗಳನ್ನು ತೋರಿಸೆಂದು ಎಕ್ಸ್‌ಪ್ಲೋರರಿನ 'ವ್ಯೂ' ಆಯ್ಕೆಗಳಲ್ಲಿ ಗುರುತು ಮಾಡಿದೆವು. ಅಷ್ಟಕ್ಕೂ ಏನೂ ಕಾಣದಿರಲು, ವಿಂಡೋಸು ತನ್ನ ರಕ್ಷಣೆಯಲ್ಲಿ ಮುಚ್ಚಿಟ್ಟ ಕಡತಗಳ ತೆರೆಯನ್ನೂ ಸರಿಸಿದೆವು. ಆಗ 'ಸಿ' ಡಿಸ್ಕಿನ ಹೆಬ್ಬಾಗಿಲಿನಲ್ಲಿಯೇ, ಯಾವ ಕೋಣೆಯೊಳಗೂ ಸೇರದೆ, 'ಪೇಜ್‌ಫೈಲ್ ಡಾಟ್ ಸಿಸ್' ಎಂಬ ಹೆಸರಿನ ಕಡತವೊಂದು ಕುಳಿತಿರುವುದು ಕಂಡಿತು. ಅದರ ಗಾತ್ರ 11 ಜಿಬಿ! ನಾವು ಬರೆದುದಲ್ಲ, ಮಗಳು ತಂದುದಲ್ಲ. ಅಳಿಸಲು ಹೋದರೆ, ಬಳಕೆಯಲ್ಲಿದೆಯೆಂದು ಯಂತ್ರವು ಒಪ್ಪಲಿಲ್ಲ. ನಮ್ಮ ಹಟ ಮತ್ತಷ್ಟು ಬಲವಾಯಿತು.

ಹುಡುಕುತ್ತ ಹುಡುಕುತ್ತ ದಾರಿ ಸಿಕ್ಕಿತು. ಸ್ಟಾರ್ಟ್ ಗುಂಡಿಯ ಬಳಿ 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಎಂದು ಹುಡುಕಿದರೆ ಒಂದು ಕಿಟಕಿ ತೆರೆಯುವುದು. ಅದರಲ್ಲಿ 'ಪರ್ಫಾರ್ಮೆನ್ಸ್' ಎಂಬಲ್ಲಿಯ 'ಸೆಟ್ಟಿಂಗ್ಸ್', ಅದರೊಳಗೆ ಮತ್ತೆ 'ಅಡ್ವಾನ್ಸ್ಡ್', ಅಲ್ಲಿ 'ವರ್ಚುವಲ್ ಮೆಮೊರಿ' ಎಂಬ ಭಾಗದ 'ಚೇಂಜ್' ಎಂಬ ಗುಂಡಿ. ಎಲ್ಲವನ್ನೂ ತಾನೇ ನೋಡಿಕೊಳ್ಳುವೆನೆಂದು ವಿಂಡೋಸು ಹಾಕಿಕೊಂಡಿದ್ದ ಗುರುತನ್ನು ತೆಗೆದು, 'ನೋ ಪೇಜಿಂಗ್ ಫೈಲ್' ಎಂಬುದನ್ನು ಆರಿಸಿದೆವು. ಎಚ್ಚರಿಕೆಯ ಮಾತೊಂದು ಮೂಡಿತು; ಅದನ್ನು ಪೂರ್ತಿಯಾಗಿ ಓದದೆಯೇ 'ಎಸ್' ಎಂದು ಒತ್ತಿದೆವು. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಕಡತವು ಮಾಯವಾಗಿದ್ದಿತು. ಕೆಂಪು ಪಟ್ಟಿ ನೀಲಿಯಾಗಿದ್ದಿತು. ಆ ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ಪರಾಕ್ರಮವನ್ನು ಎರಡು ಸಲ ವರ್ಣಿಸಿದೆವು.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆಯವರಿಗೆ ಹೆಣ್ಣೊಪ್ಪಿಸುವ ಹಾಡು ನೆನಪಿಗೆ ಬಂದಿತು. ನಮ್ಮ ಮದುವೆಯಲ್ಲಿ, ಮಗಳನ್ನು ನಮ್ಮ ತಾಯಿಯವರ ಕೈಗೆ ಒಪ್ಪಿಸುವಾಗ ಅವರು ಹಾಡಿದ್ದುದೂ ಅದೇ. ಆಮೇಲೆ ಪೂರ್ತಿಯಾಗಿ ಹಾಡುವ ಸಂದರ್ಭ ಬಂದಿರಲಿಲ್ಲವಂತೆ. ಅಂದು ಅದು ತಾನಾಗಿಯೇ ಒಂದರ ಹಿಂದೊಂದಾಗಿ ಬರತೊಡಗಿತು. "ನಡುವೆ ನಿಲ್ಲಿಸಬೇಡ ಮಗಾ, ನಿಲ್ಲಿಸಿದರೆ ಎಳೆ ತಪ್ಪುತ್ತದೆ" ಎಂದರು. ನಮ್ಮ ಮನೆಯವರು ನಿಲ್ಲಿಸಲಿಲ್ಲ. 'ಸೇವ್' ಗುಂಡಿಯನ್ನು ಒತ್ತುವುದಕ್ಕೆ ಸಹ ನಿಲ್ಲಿಸಲಿಲ್ಲ. ಮಗಳ ಪಾಠದ ಕಿಟಕಿಗಳು ಹತ್ತಾರು ಅದೇ ಯಂತ್ರದಲ್ಲಿ ತೆರೆದಿದ್ದುವು. ನಾವು ನೋಡುತ್ತಿದ್ದ ಫೋಟೋಗಳನ್ನೂ ಮುಚ್ಚಿರಲಿಲ್ಲ. ಹದಿಮೂರನೆಯ ನುಡಿಯು ಮುಗಿದು, ಅತ್ತೆಯವರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಾಗ, ಮೆಮೊರಿ ಸಾಲದೆಂಬ ಮಾತೊಂದು ಪರದೆಯ ಮೇಲೆ ಮೂಡಿತು. ಅದೇನೆಂದು ಓದುವಷ್ಟರಲ್ಲಿ ಬರವಣಿಗೆಯ ಕಿಟಕಿಯು ತಾನಾಗಿ ಮುಚ್ಚಿಹೋಯಿತು. ಮತ್ತೆ ತೆರೆದರೆ ಬಿಳಿಯ ಹಾಳೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಎಷ್ಟೋ ಸಲ ಇತರರಿಗೆ ಹೇಳಿದ್ದುಂಟು. ಅಂದು ದೊಣ್ಣೆಯು ನಮ್ಮ ಕೈಯಲ್ಲಿಯೇ ಇದ್ದಿತು. ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. "ಅಮ್ಮಾ, ಇನ್ನೊಂದು ಸಲ ಹೇಳ್ತೀಯಾ?" ಎಂದು ಮಾತ್ರ ಕೇಳಿದರು. ಅತ್ತೆಯವರು ಮೊದಲ ಮೂರು ನುಡಿಗಳನ್ನು ಹೇಳಿದರು, ನಾಲ್ಕನೆಯದರಲ್ಲಿ ನಿಂತರು. ಹಿಂದಕ್ಕೆ ಹೋಗಿ ಮತ್ತೆ ಬಂದರು, ಅಲ್ಲಿಯೇ ನಿಂತರು. "ಈಗ ಬಂದಿತ್ತು, ಹೋಯಿತಲ್ಲ" ಎಂದು ತಮ್ಮ ಕೈಗಳನ್ನು ನೋಡಿಕೊಂಡರು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ದೀಪಾವಳಿಗೆ ಬೆಂಗಳೂರಿನಿಂದ ನಮ್ಮ ಅಕ್ಕನ ಮಗನು ಬಂದನು. ಇಂತಹ ಯಂತ್ರಗಳೊಡನೆಯೇ ಅವನ ಜೀವನ. ನಾವು ನಡೆದುದನ್ನೆಲ್ಲ ಹೇಳಿ, ಯಂತ್ರದ ಮೇಲೆ ತಪ್ಪು ಹೊರಿಸಿದೆವು. ಅವನು ಕೇಳಿಸಿಕೊಂಡು, "ಮಾವ, ಅಟ್ಟದಲ್ಲಿ ಸಾಮಾನು ತುಂಬಿತೂಂತ ಯಾರಾದರೂ ಅಟ್ಟವನ್ನೇ ಕೀಳುತ್ತಾರೆಯೇ?" ಎಂದನು.

ಅವನು ಹೇಳಿದುದನ್ನು ನಮಗೆ ತಿಳಿದಂತೆ ಇಲ್ಲಿ ಬರೆಯುತ್ತೇವೆ. ರ‍್ಯಾಮ್ ಎಂಬುದು ಅಡಿಗೆಮನೆಯ ಕಟ್ಟೆಯಿದ್ದಂತೆ. ಕೈಗೆ ಬೇಕಾದುದೆಲ್ಲ ಅಲ್ಲಿಯೇ ಇದ್ದರೆ ಕೆಲಸವು ಚುರುಕಾಗಿ ಸಾಗುವುದು. ಆದರೆ ಕಟ್ಟೆಯು ಚಿಕ್ಕದು. ಹತ್ತು ಬಗೆಯ ಅಡಿಗೆ ಒಮ್ಮೆಗೇ ಹೂಡಿದಾಗ, ಆ ಗಳಿಗೆಯಲ್ಲಿ ಬೇಡವಾದ ಪಾತ್ರೆಗಳನ್ನು ಅಟ್ಟದ ಒಂದು ಮೂಲೆಯಲ್ಲಿಟ್ಟು, ಬೇಕಾದಾಗ ಇಳಿಸಿಕೊಳ್ಳುತ್ತೇವಷ್ಟೆ. ವಿಂಡೋಸು ಡಿಸ್ಕಿನಲ್ಲಿ ಅಂತಹ ಮೂಲೆಯೊಂದನ್ನು ಕಾದಿರಿಸಿಕೊಳ್ಳುವುದು, ಅದೇ ಪೇಜ್‌ಫೈಲು. ಸಾಮಾನನ್ನು 4096 ಬೈಟುಗಳ ಒಂದೊಂದು ಕಟ್ಟಾಗಿ ಸಾಗಿಸುವುದು. ಆ ಕಟ್ಟಿಗೇ ಪೇಜು, ಎಂದರೆ ಪುಟ, ಎಂದು ಹೆಸರು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರತಿಯೊಂದು ತಂತ್ರಾಂಶವೂ ತನಗೆ ಇಷ್ಟು ಸ್ಥಳ ಬೇಕೆಂದು ಮುಂಚಿತವಾಗಿ ಕೇಳುತ್ತದೆ. ರ‍್ಯಾಮು ಮತ್ತು ಪೇಜ್‌ಫೈಲು ಎರಡೂ ಕೂಡಿ ಎಷ್ಟಾಗುವುದೋ ಅಷ್ಟಕ್ಕೆ ಮಾತ್ರ ವಿಂಡೋಸು ಮಾತು ಕೊಡುವುದು. ಇಷ್ಟು ಜನಕ್ಕೆ ಎಲೆ ಹಾಕಬಲ್ಲೆನೆಂದು ಎಣಿಸಿ ಕರೆಯುವ ಮರ್ಯಾದಸ್ಥ ಯಜಮಾನನಂತೆ ಅದರ ನಡತೆ. ಕೇಳಿದವರೆಲ್ಲರೂ ಬಂದು ಉಣ್ಣದೆ ಹೋಗಬಹುದು. ಆದರೂ ಎಲೆಯಿಲ್ಲದೆ ಮಾತು ಕೊಡದು. ನಾವು ಅಟ್ಟವನ್ನು ಕಿತ್ತಾಗ ನಮ್ಮ ಯಂತ್ರದ ಎಲೆಗಳು 4 ಜಿಬಿಗೆ ಇಳಿದುವು. ಮಗಳ ಪಾಠ, ನಮ್ಮ ಫೋಟೋ, ಅತ್ತೆಯವರ ಹಾಡು, ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತುವು. ಹಾಡಿಗೆ ಎಲೆ ಸಾಲದೆ ಹೋಯಿತು.

ಈ ಉಪಾಯವು ಹೊಸತೇನೂ ಅಲ್ಲವೆಂದು ಅವನು ಹೇಳಿದನು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕಿಲ್‌ಬರ್ನ್ ಎಂಬುವರ ಬಳಗವು ನಿರ್ಮಿಸಿದ 'ಅಟ್ಲಾಸ್' ಎಂಬ ಯಂತ್ರವು 1962ರ ಡಿಸೆಂಬರಿನಲ್ಲಿ ಕೆಲಸಕ್ಕೆ ನಿಂತಿತು. ಅದರ ಮುಖ್ಯ ಸ್ಮೃತಿಯಲ್ಲಿ 16,384 ಪದಗಳಿಗೆ ಮಾತ್ರ ಸ್ಥಳ. ಪಕ್ಕದಲ್ಲಿ ತಿರುಗುವ ಪೀಪಾಯಿಗಳಲ್ಲಿ 98,304 ಪದಗಳಿಗೆ ಸ್ಥಳ. 512 ಪದಗಳ ಪುಟಗಳನ್ನು ಯಂತ್ರವು ತಾನೇ ಒಂದರಿಂದ ಒಂದಕ್ಕೆ ಸಾಗಿಸುತ್ತ, ಬಳಸುವವರಿಗೆ ಎಲ್ಲವೂ ಒಂದೇ ದೊಡ್ಡ ಸ್ಮೃತಿಯೆಂದು ತೋರುವಂತೆ ಮಾಡಿತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಿಂದ ಇಂದಿನವರೆಗೂ ಪೇಜ್‌ಫೈಲು ಮಾಡುತ್ತಿರುವುದು ಇದನ್ನೇ.

"ಹಾಗಾದರೆ ಆ ಕಡತವನ್ನು 'ಡಿ' ಡಿಸ್ಕಿಗೆ ಕಳುಹಿಸಿಬಿಡು, ಅಲ್ಲಿ ಬೇಕಾದಷ್ಟು ಸ್ಥಳವುಂಟು" ಎಂದೆವು. ಕಳುಹಿಸಬಹುದೆಂದು, ಒಂದು ದಿನದ ಮಟ್ಟಿಗೆ ಅವನು ಹಾಗೆಯೇ ಮಾಡಿ ತೋರಿಸಿದನು. ಯಂತ್ರವು ಗರಗರ ಸದ್ದು ಮಾಡುತ್ತ, ಕಿಟಕಿಯಿಂದ ಕಿಟಕಿಗೆ ಹೋಗುವಾಗಲೆಲ್ಲ ನಿದ್ದೆಯಿಂದೆದ್ದವರಂತೆ ತಡಮಾಡುತ್ತಿದ್ದಿತು. ರ‍್ಯಾಮಿನಿಂದ ಒಂದು ಸಂಗತಿಯನ್ನು ಎತ್ತಿಕೊಳ್ಳಲು ಸುಮಾರಾಗಿ ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಡಿಸ್ಕಿಗೆ ನೂರರಲ್ಲೊಂದು ಭಾಗದವರೆಗೂ ಹಿಡಿಯುತ್ತದೆ. ಲಕ್ಷದಷ್ಟು ಅಂತರ! 'ಸಿ' ಡಿಸ್ಕಿನಲ್ಲಿ ತಿರುಗುವ ಭಾಗವಿಲ್ಲ. ಅದು ಇವೆರಡರ ನಡುವಿನದು. ಅಲ್ಲದೆ 'ಸಿ'ಯಲ್ಲಿ ಪೇಜ್‌ಫೈಲು ಸ್ವಲ್ಪವೂ ಇಲ್ಲದಿದ್ದರೆ, ವಿಂಡೋಸು ನೀಲಿ ಪರದೆ ತೋರಿಸಿ ಕುಸಿದಾಗ ಕಾರಣದ ದಾಖಲೆಯನ್ನು ಬರೆದಿಡಲು ಅದಕ್ಕೆ ಸಾಮಾನ್ಯವಾಗಿ ಸ್ಥಳ ದೊರೆಯದು. ಇನ್ನು ಪೆನ್‌ಡ್ರೈವಿನಲ್ಲಿ ಇಡುವ ಮಾತಂತೂ ಇಲ್ಲವೇ ಇಲ್ಲ.

ಕೊನೆಗೆ ಏರ್ಪಾಡಾದುದು ಹೀಗೆ. ಮೊದಲು ನಮ್ಮ ಫೋಟೋಗಳನ್ನೆಲ್ಲ 'ಡಿ' ಡಿಸ್ಕಿಗೆ ಸಾಗಿಸಿದೆವು. ಮೂವತ್ತು ಜಿಬಿ ಬಿಡುವಾಯಿತು. ನಿಜವಾದ ಕಳ್ಳರು ನಾವೇ ಎಂಬುದು ಅಲ್ಲಿ ತಿಳಿಯಿತು. ಅನಂತರ 'ಟಾಸ್ಕ್ ಮ್ಯಾನೇಜರ್' ತೆರೆದು, 'ಪರ್ಫಾರ್ಮೆನ್ಸ್' ಎಂಬಲ್ಲಿ 'ಮೆಮೊರಿ'ಯನ್ನು ನೋಡಿದೆವು. ಅಲ್ಲಿ 'ಕಮಿಟೆಡ್' ಎಂಬುದರ ಕೆಳಗೆ ಎರಡು ಅಂಕಿಗಳಿರುತ್ತವೆ: ಮೊದಲನೆಯದು ವಿಂಡೋಸು ಈಗಾಗಲೇ ಕೊಟ್ಟಿರುವ ಮಾತು, ಎರಡನೆಯದು ಕೊಡಬಹುದಾದುದರ ಮಿತಿ. ಮನೆಯಲ್ಲಿ ಎಲ್ಲರ ಕೆಲಸವೂ ನಡೆಯುವ ಹೊತ್ತಿನಲ್ಲಿ ಮೊದಲನೆಯ ಅಂಕಿಯು ಎಷ್ಟಕ್ಕೆ ಏರುವುದೆಂದು ನೋಡಿ, ಅದಕ್ಕಿಂತ ಧಾರಾಳವಾಗಿ ಮಿತಿಯಿರುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಅದು 7 ಜಿಬಿಯನ್ನು ದಾಟುತ್ತಿದ್ದಿತು. ಆದುದರಿಂದ ಪೇಜ್‌ಫೈಲನ್ನು 'ಸಿ' ಡಿಸ್ಕಿಗೇ ಮರಳಿ ತಂದು, 'ಕಸ್ಟಮ್ ಸೈಜ್' ಎಂಬಲ್ಲಿ ಆರಂಭದ ಗಾತ್ರ 4096, ಪರಮಾವಧಿ 8192 ಎಂದು ಬರೆದೆವು. ಅಲ್ಲಿ ಲೆಕ್ಕವು ಮೆಗಾಬೈಟುಗಳಲ್ಲಿ. ಗಾತ್ರವನ್ನು ಬರೆದು 'ಓಕೆ' ಎಂದರೆ ಸಾಲದು. ಮೊದಲು 'ಸೆಟ್' ಎಂಬ ಗುಂಡಿಯನ್ನು ಒತ್ತಬೇಕು, ಇಲ್ಲವಾದರೆ ಬರೆದುದು ನಿಲ್ಲುವುದಿಲ್ಲ.

ಸ್ಥಳಕ್ಕೆ ತೊಂದರೆಯಿಲ್ಲದ ಮನೆಗಳಲ್ಲಿ ಇಷ್ಟೂ ಬೇಕಾಗಿಲ್ಲ. ವಿಂಡೋಸಿಗೇ ಬಿಟ್ಟರೆ ಅದು ರ‍್ಯಾಮಿನ ಮೂರರಷ್ಟು ಅಥವಾ 4 ಜಿಬಿ, ಇವುಗಳಲ್ಲಿ ದೊಡ್ಡದಾದುದರವರೆಗೆ ಬೆಳೆಸಿಕೊಳ್ಳಬಲ್ಲುದು. ಆದರೂ ಡಿಸ್ಕಿನ ಎಂಟನೆಯ ಒಂದು ಭಾಗವನ್ನು ಮೀರದು. ನಮ್ಮ 11 ಜಿಬಿಯ ರಹಸ್ಯವು ಇದೇ. ಹಾಸಿಗೆಯಿದ್ದಷ್ಟು ಕಾಲು ಚಾಚುವ ವಿವೇಕವು ಆ ಯಂತ್ರಕ್ಕೆ ಮೊದಲೇ ಇದ್ದಿತು. ಮರುವರ್ಷ ಇನ್ನೂ 4 ಜಿಬಿ ರ‍್ಯಾಮನ್ನು ಕೂಡಿಸಿದೆವು. ಆದರೆ ಅಟ್ಟವನ್ನು ಮಾತ್ರ ಮುಟ್ಟಲಿಲ್ಲ.

ಯಂತ್ರವು ಹೀಗೆ ಸರಿಯಾಯಿತು. ಹಾಡಿನ ವಿಷಯವನ್ನು ಹೇಳಬೇಕು. 2022ರ ಬೇಸಗೆಯಲ್ಲಿ ಒಂದು ದಿನ ಹಲಸಿನ ತೊಳೆ ಬಿಡಿಸುತ್ತ ಕುಳಿತಿದ್ದ ಅತ್ತೆಯವರು ತಮ್ಮಷ್ಟಕ್ಕೆ ಏನನ್ನೋ ಗುನುಗುತ್ತಿದ್ದರು. ನಮ್ಮ ಮನೆಯವರು ಎಣ್ಣೆ ಹಚ್ಚಿದ ಕೈಯನ್ನು ಒರಸಿಕೊಂಡು, ಪಂಚಾಂಗದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ನಾಲ್ಕನೆಯ ನುಡಿ, ಐದನೆಯದು, ಅನಂತರ ಎಲ್ಲಿಯೋ ಮುಂದಿನ ಮೂರು. ಹದಿಮೂರರಲ್ಲಿ ಎಂಟು ದೊರೆತುವು. ಉಳಿದ ಐದು ಬರಲಿಲ್ಲ. ಅವುಗಳ ಸ್ಥಳವನ್ನು ನಮ್ಮ ಮನೆಯವರು ಹಾಗೆಯೇ ಖಾಲಿ ಬಿಟ್ಟಿದ್ದಾರೆ. ಕಂಪ್ಯೂಟರಿನಲ್ಲಿಯೂ, ಈಗ ಅದರ ಪಕ್ಕದಲ್ಲಿಯೇ ಇಟ್ಟುಕೊಳ್ಳುವ ನೋಟುಬುಕ್ಕಿನಲ್ಲಿಯೂ.

ಆ ಖಾಲಿ ಸಾಲುಗಳನ್ನು ಮುಚ್ಚಿಬಿಟ್ಟರೆ ಹಾಡು ಒಂದೇ ಪುಟದಲ್ಲಿ ಹಿಡಿಯುವುದಲ್ಲ ಎಂದು ಒಮ್ಮೆ ನಮ್ಮ ಬಾಯಿಯವರೆಗೆ ಬಂದಿತು. ನಾವು ಹೇಳಲಿಲ್ಲ.