ಎತ್ತಿದ ಕೈ

2021ರ ಆಗಸ್ಟ್ 24ರ ರಾತ್ರಿ ಟಿವಿಯ ಕೆಳಗೆ ಓಡುವ ಸಾಲಿನಲ್ಲಿ ಒಂದು ಸುದ್ದಿ ಬಂತು. ರೋಲಿಂಗ್ ಸ್ಟೋನ್ಸ್ ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ಲಂಡನ್ನಿನಲ್ಲಿ ತೀರಿಕೊಂಡರು, ವಯಸ್ಸು 80. ನನಗೆ ತಿಳಿಯದಂತೆಯೇ ಕೈ ಫೋನಿನ ಕಡೆ ಹೋಯಿತು. ಮಾಮುವಿಗೆ ಹೇಳಬೇಕಿತ್ತು. ಮಾಮು ತೀರಿಹೋಗಿ ಹನ್ನೆರಡು ವರ್ಷವಾಗಿತ್ತು ಎಂಬುದು ಫೋನು ಕೈಗೆ ಬಂದ ಮೇಲೆ ನೆನಪಾಯಿತು.

ನನ್ನ ಮಾಮು ಬೆಂಗಳೂರಿನ ಶಿವಾಜಿನಗರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದರು. ಕೆಂಪು ಕೋಟು, ಹೆಗಲಿಗೆ ಜರಿಯ ಪಟ್ಟಿ, ತಲೆಗೆ ಅಳತೆಗಿಂತ ದೊಡ್ಡ ಟೋಪಿ. ಮದುವೆಯ ಹಂಗಾಮಿನಲ್ಲಿ ರಾತ್ರಿ ಎರಡು ಗಂಟೆಗೆ ಮನೆಗೆ ಬಂದು, ಕೋಟನ್ನು ಮೊಳೆಗೆ ತಗುಲಿಸಿ, ಬಿಸಿನೀರಿನಲ್ಲಿ ಮಣಿಕಟ್ಟು ಅದ್ದಿಕೊಂಡು ಕೂರುತ್ತಿದ್ದರು. ಹಂಗಾಮು ಇಲ್ಲದ ತಿಂಗಳುಗಳಲ್ಲಿ ಗೆಳೆಯನ ಟಿವಿ ರಿಪೇರಿ ಅಂಗಡಿಯಲ್ಲಿ ಕೂತು ಅವನಿಗೆ ಸಹಾಯ ಮಾಡುವುದು ಅವರ ವಾಡಿಕೆ. ನಾನು ಸ್ಕೂಲು ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಉರ್ದು ಮೀಡಿಯಮ್ಮಿನ ಪಾಠ, ಸಂಜೆ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಕನ್ನಡ. ಎರಡರ ನಡುವಿನ ಒಂದು ಗಂಟೆ ಮಾಮುವಿನ ಜೊತೆ.

ಒಂದು ದಿನ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಟಿವಿಯೊಂದಕ್ಕೆ ಜೀವ ಬಂದು, ಕೇಬಲ್ಲಿನ ಇಂಗ್ಲಿಷ್ ಹಾಡಿನ ಚಾನೆಲ್ಲು ಮೂಡಿತು. ವೇದಿಕೆಯ ತುಂಬ ಓಡಾಡುವ ಹಾಡುಗಾರ, ಗಿಟಾರು ಹಿಡಿದು ಬಾಗುವವರು. ಹಿಂದೆ ಒಬ್ಬ, ಬ್ಯಾಂಕಿನ ಮ್ಯಾನೇಜರನಂತೆ, ಇವರಿಗೂ ತನಗೂ ಸಂಬಂಧವಿಲ್ಲ ಎಂಬ ಮುಖ ಮಾಡಿಕೊಂಡು ಡ್ರಮ್ ಬಾರಿಸುತ್ತಿದ್ದ. ಮಾಮು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ದೇಖ್ ರೇ, ಹಾತ್ ಉಠಾಲೇರಾ" ಅಂದರು. ನೋಡೋ, ಕೈ ಎತ್ತುತ್ತಿದ್ದಾನೆ.

ನನಗೇನೂ ಕಾಣಲಿಲ್ಲ. ನಾನು ಹಾಡುಗಾರನನ್ನು ನೋಡುತ್ತಿದ್ದೆ.

ಮಾಮು ಆ ದಿನ ಕಂಡದ್ದನ್ನು ಇವತ್ತು ನಾನು ವಿವರಿಸಬಲ್ಲೆ. ರಾಕ್ ಸಂಗೀತದ ಸಾಮಾನ್ಯ ತಾಳ ನಾಲ್ಕು ಎಣಿಕೆಯದು. ಡ್ರಮ್ಮರನ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಾಳದ ತಟ್ಟೆಗಳ ಮೇಲೆ ಎಣಿಕೆಗೆ ಎರಡರಂತೆ ಎಂಟು ಪೆಟ್ಟು ಹಾಕುತ್ತದೆ. ಎಡಗೈ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಮಾತ್ರ ಸ್ನೇರ್ ಡ್ರಮ್ಮಿನ ಮೇಲೆ ಬಲವಾಗಿ ಬೀಳುತ್ತದೆ. ಸಾಮಾನ್ಯವಾಗಿ ಡ್ರಮ್ಮರುಗಳು ಈ ಎರಡು ಜಾಗಗಳಲ್ಲಿ ಎರಡೂ ಕೈಗಳನ್ನು ಒಟ್ಟಿಗೆ ಹೊಡೆಯುತ್ತಾರೆ. ವಾಟ್ಸ್ ಹಾಗೆ ಮಾಡುತ್ತಿರಲಿಲ್ಲ. ಎಡಗೈ ಸ್ನೇರ್ ಮೇಲೆ ಬೀಳುವ ಕ್ಷಣಕ್ಕೆ ಬಲಗೈಯನ್ನು ತಟ್ಟೆಯಿಂದ ಎತ್ತಿಬಿಡುತ್ತಿದ್ದರು. ಎಂಟು ಪೆಟ್ಟಿನ ಜಾಗದಲ್ಲಿ ಆರೇ ಪೆಟ್ಟು.

ಉಳಿಸಿದ ಆ ಎರಡು ಪೆಟ್ಟುಗಳಿಂದ ಏನಾಗುತ್ತದೆ? ಮೊದಲನೆಯದಾಗಿ, ಸ್ನೇರಿನ ಸದ್ದಿಗೆ ತಟ್ಟೆಯ 'ಛೀ' ಎಂಬ ಸದ್ದು ಅಂಟಿಕೊಳ್ಳುವುದಿಲ್ಲ. ಪೆಟ್ಟು ಒಂಟಿಯಾಗಿ, ಸ್ವಚ್ಛವಾಗಿ ಕೇಳುತ್ತದೆ. ಎರಡನೆಯದಾಗಿ, ಹೈ-ಹ್ಯಾಟಿನ ಸಾಲು ಗಡಿಯಾರದಂತೆ ಟಕಟಕ ಓಡದೆ, ಅಲ್ಲಲ್ಲಿ ಉಸಿರು ತೆಗೆದುಕೊಳ್ಳುತ್ತದೆ. ಎತ್ತಿದ ಕೈ ಮತ್ತೆ ಇಳಿಯುವ ಆ ಚಲನೆಯಿಂದ ತಾಳಕ್ಕೆ ಒಂದು ತೂಗಾಟ ಬರುತ್ತದೆ. ಕುಳಿತಲ್ಲೇ ತಲೆಯಾಡಿಸಬೇಕು ಎನಿಸುವುದು ಅದರಿಂದ.

ಮಾಮು ಇದಕ್ಕೆ ತಮ್ಮದೇ ಹೆಸರು ಕೊಟ್ಟಿದ್ದರು: ಖಾಲಿ. ತಬಲಾದ ತೀನ್‌ತಾಳದಲ್ಲಿ ಹದಿನಾರು ಮಾತ್ರೆಗಳು, ಒಂಬತ್ತನೆಯದು ಖಾಲಿ. ತಾಳ ಹಾಕುವವರು ಅಲ್ಲಿ ಚಪ್ಪಾಳೆ ತಟ್ಟದೆ ಕೈಯನ್ನು ಗಾಳಿಯಲ್ಲಿ ಬೀಸುತ್ತಾರೆ. ತಬಲಾದವರು ಒಪ್ಪುವ ಹೋಲಿಕೆ ಇದಲ್ಲ. ತಾಳದ ಒತ್ತು ತಗ್ಗುವ ಜಾಗ ತಬಲಾದ ಖಾಲಿ. ವಾಟ್ಸ್ ಕೈ ಎತ್ತುತ್ತಿದ್ದದ್ದು ಒತ್ತು ಅತಿ ಹೆಚ್ಚು ಇರುವಲ್ಲಿ. ಒಂದು ಕೈ ಜೋರಾಗಿ ಮಾತಾಡುವಾಗ ಇನ್ನೊಂದು ಕೈ ಸುಮ್ಮನಿರುವುದು. ಮಾಮುವಿಗೆ ಈ ಶಾಸ್ತ್ರ ಬೇಕಿರಲಿಲ್ಲ. "ಎಲ್ಲಾ ಕಡೆ ಹೊಡೆದರೆ ಬಾರಾತಿನ ಹುಡುಗರು ಸುಸ್ತಾಗುತ್ತಾರೆ ಬೇಟಾ. ಜಾಗ ಬಿಟ್ಟರೆ ಆ ಜಾಗದಲ್ಲಿ ಕುಣಿಯುತ್ತಾರೆ" ಅನ್ನುತ್ತಿದ್ದರು.

ಇನ್ನೊಂದನ್ನೂ ಅವರು ಗುರುತಿಸಿದ್ದರು. ಆ ಮನುಷ್ಯ ಎಡಗೈಯ ಕೋಲನ್ನು ಹಿಡಿಯುತ್ತಿದ್ದದ್ದು ಮಾಮು ಹಿಡಿಯುವ ಹಾಗೆಯೇ, ಅಂಗೈ ಮೇಲೆ ಮಾಡಿ, ಹೆಬ್ಬೆರಳ ಸಂದಿಯಲ್ಲಿ ಕೋಲನ್ನು ಕೂರಿಸಿಕೊಂಡು. ಇದು ಸೈನ್ಯದ ಡ್ರಮ್ಮಿನಿಂದ ಬಂದ ಹಿಡಿತ. ನಡೆಯುತ್ತ ಬಾರಿಸುವಾಗ ಡ್ರಮ್ಮು ಹೆಗಲಿನಿಂದ ಓರೆಯಾಗಿ ತೂಗುತ್ತದೆ. ಎಡಗೈ ಅದರ ಎತ್ತರದ ಅಂಚನ್ನು ದಾಟಿ ಬರಬೇಕಾದ್ದರಿಂದ ಕೋಲನ್ನು ಹಾಗೆ ಹಿಡಿಯುವುದೇ ಸಲೀಸು. ಬ್ರಿಟಿಷರ ಪಲ್ಟನ್ನುಗಳಿಂದ ನಮ್ಮ ದಂಡು ಪ್ರದೇಶದ ಮದುವೆ ಬ್ಯಾಂಡಿಗೆ ಬಂದದ್ದೂ ಅದೇ ಹಿಡಿತ, ಜಾಝ್ ಡ್ರಮ್ಮರುಗಳು ಉಳಿಸಿಕೊಂಡದ್ದೂ ಅದೇ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಎರಡೂ ಕೈಗಳಲ್ಲಿ ಒಂದೇ ರೀತಿ ಕೋಲು ಹಿಡಿದು ಜನಪ್ರಿಯರಾದ ಮೇಲೆ ರಾಕ್ ಡ್ರಮ್ಮರುಗಳಲ್ಲಿ ಹಳೆಯ ಹಿಡಿತ ಕಡಿಮೆಯಾಯಿತು. ವಾಟ್ಸ್ ಮಾತ್ರ ಕಡೆಯವರೆಗೂ ಬಿಡಲಿಲ್ಲ.

ಅದಕ್ಕೆ ಕಾರಣವಿತ್ತು. ಅವರ ಮನಸ್ಸು ಇದ್ದದ್ದು ರಾಕ್‌ನಲ್ಲಲ್ಲ, ಜಾಝ್‌ನಲ್ಲಿ. 1941ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾರ್ಲಿ, ಹುಡುಗನಾಗಿದ್ದಾಗ ಜೆರ್ರಿ ಮುಲಿಗನ್ ಅವರ ಒಂದು ರೆಕಾರ್ಡಿನಲ್ಲಿ ಚಿಕೊ ಹ್ಯಾಮಿಲ್ಟನ್ ಕುಂಚದಂಥ ಕೋಲುಗಳಿಂದ ಬಾರಿಸಿದ್ದನ್ನು ಕೇಳಿ ಮರುಳಾದರು. ಮನೆಯಲ್ಲಿದ್ದ ಬ್ಯಾಂಜೋದ ಕುತ್ತಿಗೆ ತೆಗೆದು, ಅದರ ಬುರುಡೆಯನ್ನೇ ಡ್ರಮ್ಮಾಗಿ ಮಾಡಿಕೊಂಡರು. ಆಮೇಲೆ ಚಿತ್ರಕಲೆ ಓದಿ, ಜಾಹೀರಾತು ಕಚೇರಿಯಲ್ಲಿ ಕೆಲಸ ಮಾಡಿದರು. ಚಾರ್ಲಿ ಪಾರ್ಕರ್ ಎಂಬ ಜಾಝ್ ಕಲಾವಿದನನ್ನು ಒಂದು ಹಕ್ಕಿಯಾಗಿ ಬರೆದ ಚಿತ್ರಪುಸ್ತಕ 1964ರಲ್ಲಿ ಪ್ರಕಟವಾಯಿತು. 1963ರ ಜನವರಿಯಲ್ಲಿ ಸ್ಟೋನ್ಸ್ ಸೇರಿದವರು, 2019ರ ಆಗಸ್ಟ್ 30ರಂದು ಮಯಾಮಿಯಲ್ಲಿ ಆ ತಂಡದೊಂದಿಗೆ ಕೊನೆಯ ಬಾರಿ ಬಾರಿಸಿದರು. ನಡುವೆ 56 ವರ್ಷ.

ಆ ಕಾಲದ ಬೇರೆ ಡ್ರಮ್ಮರುಗಳ ಪಕ್ಕದಲ್ಲಿಟ್ಟು ನೋಡಿದರೆ ಇವರ ದಾರಿ ಸ್ಪಷ್ಟವಾಗುತ್ತದೆ. 'ದ ಹೂ' ತಂಡದ ಕೀತ್ ಮೂನ್ ಬಿರುಗಾಳಿಯಂತೆ ಎಲ್ಲ ಡ್ರಮ್ಮುಗಳ ಮೇಲೂ ಬೀಳುತ್ತಿದ್ದರು. ಲೆಡ್ ಜೆಪ್ಪೆಲಿನ್‌ನ ಜಾನ್ ಬಾನಮ್ ಕೈಯಲ್ಲಿ ಡ್ರಮ್ಮು ಗುಡುಗುತ್ತಿತ್ತು. ವಾಟ್ಸ್ ಮುಂದೆ ಇರುತ್ತಿದ್ದದ್ದು ನಾಲ್ಕೇ ಡ್ರಮ್ಮು, ಕೆಲವು ತಟ್ಟೆ. ನಂತರದ ದಶಕಗಳಲ್ಲಿ ಅವರು ಬಾರಿಸಿದ್ದು 1957ರ ಹಳೆಯ ಗ್ರೆಟ್ಶ್ ಸೆಟ್ಟು. ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆಯೂ ಅಷ್ಟೇ. ಒಬ್ಬರೇ ಬಾರಿಸಿ ಚಪ್ಪಾಳೆ ಗಿಟ್ಟಿಸುವ ಸೋಲೋ ಅವರಿಗೆ ಹಿಡಿಸುತ್ತಿರಲಿಲ್ಲ.

ತಂಡದ ಒಳಗಿನ ಲೆಕ್ಕವೂ ವಿಚಿತ್ರ. ಸಾಮಾನ್ಯವಾಗಿ ಡ್ರಮ್ಮರ್ ಮುಂದೆ ನಡೆದರೆ ಉಳಿದವರು ಹಿಂಬಾಲಿಸುತ್ತಾರೆ. ಸ್ಟೋನ್ಸ್‌ನಲ್ಲಿ ಕೀತ್ ರಿಚರ್ಡ್ಸ್ ಅವರ ಗಿಟಾರು ಮುಂದೆ, ಅದನ್ನು ಕೇಳಿಸಿಕೊಂಡು ಡ್ರಮ್ಮು ಹಿಂದೆ. ತಂಡದಲ್ಲಿ ಬಾಸ್ ಗಿಟಾರು ನುಡಿಸುತ್ತಿದ್ದ ಬಿಲ್ ವೈಮನ್ ಇದನ್ನು ವಿವರಿಸಿದ್ದಾರೆ. ಕೂದಲೆಳೆಯಷ್ಟು ತಡವಾಗಿ ಪೆಟ್ಟು ಬೀಳುವುದರಿಂದ, ಇನ್ನೇನು ಕಳಚಿಬೀಳುತ್ತದೆ ಎನಿಸಿ ಕಳಚದ ಒಂದು ಎಳೆತ ಆ ಹಾಡುಗಳಲ್ಲಿದೆ. 1969ರ 'ಹಾಂಕಿ ಟಾಂಕ್ ವಿಮೆನ್' ಕೇಳಿ. ಶುರುವಿನಲ್ಲಿ ನಿರ್ಮಾಪಕ ಜಿಮ್ಮಿ ಮಿಲ್ಲರ್ ಬಾರಿಸಿದ ಗಂಟೆ. ಅದರ ಮೇಲೆ ಡ್ರಮ್ಮು ತುಸು ಎಡವಿದಂತೆ ಬಂದು ಕೂರುತ್ತದೆ. ಹಾಡು ಮುಗಿಯುವ ಹೊತ್ತಿಗೆ ವೇಗ ಶುರುವಿಗಿಂತ ಹೆಚ್ಚಾಗಿರುತ್ತದೆ. ಇವತ್ತಿನ ಯಂತ್ರಗಳು ಇದನ್ನು ತಪ್ಪು ಎಂದು ತಿದ್ದಿಬಿಡುತ್ತಿದ್ದವು.

ಕೈ ಎತ್ತುವುದೊಂದೇ ಅವರ ಬಂಡವಾಳವಾಗಿರಲಿಲ್ಲ. 1965ರ 'ಸ್ಯಾಟಿಸ್‌ಫ್ಯಾಕ್ಷನ್'ನಲ್ಲಿ ನಾಲ್ಕೂ ಎಣಿಕೆಗೆ ಸ್ನೇರ್ ಬೀಳುತ್ತದೆ, ಕವಾಯತಿನ ಹೆಜ್ಜೆಯಂತೆ. ಹಾಡು ಏನು ಕೇಳುತ್ತದೋ ಅದನ್ನು ಕೊಡುವುದು ಅವರ ರೀತಿ. ಒಂದು ಹಾಡು ತನ್ನಿಂದ ಆಗದಿದ್ದರೆ ಪಕ್ಕಕ್ಕೆ ಸರಿಯಲೂ ಬಲ್ಲವರು. ಅದೇ 1969ರ 'ಯು ಕಾಂಟ್ ಆಲ್ವೇಸ್ ಗೆಟ್ ವಾಟ್ ಯು ವಾಂಟ್'ನಲ್ಲಿ ಡ್ರಮ್ ಬಾರಿಸಿದವರು ವಾಟ್ಸ್ ಅಲ್ಲ, ಮಿಲ್ಲರ್.

ಈಗ ನನ್ನ ಕಥೆಗೆ ಬರುತ್ತೇನೆ. ಇದನ್ನು ನಾನು ಯಾವ ಕಥೆಯಲ್ಲೂ ಬರೆದಿಲ್ಲ.

ಕಾಲೇಜಿನ ಎರಡನೇ ವರ್ಷ. ಗೆಳೆಯರ ಜೊತೆ ಕಮರ್ಷಿಯಲ್ ಸ್ಟ್ರೀಟಿನ ಕಡೆಯಿಂದ ಬರುತ್ತಿದ್ದೆ. ಇಂಗ್ಲಿಷ್ ಹಾಡುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಗೆಳೆಯರು. ಎದುರಿನಿಂದ ಒಂದು ಬಾರಾತು ಬಂತು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕೆಂಪು ಕೋಟು ಕಂಡಿತು, ಆ ದೊಡ್ಡ ಟೋಪಿ ಕಂಡಿತು. ಮಾಮು ನನ್ನನ್ನು ನೋಡಿದರು. ಮುಖ ಅರಳಿತು. ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ, ಎದ್ದು, ರಸ್ತೆಯ ಆ ಬದಿಗೆ ದಾಟಿಬಿಟ್ಟೆ. ತಿರುಗಿ ನೋಡಿದಾಗ ಮಾಮು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು ಬಾರಿಸುತ್ತ ಹೋಗುತ್ತಿದ್ದರು. ತಾಳ ತಪ್ಪಿರಲಿಲ್ಲ.

ಆ ಮೇಲೂ ಅವರು ನನ್ನೊಂದಿಗೆ ಹಾಗೆಯೇ ಇದ್ದರು. ಈ ಮಾತು ನಮ್ಮ ನಡುವೆ ಬರಲೇ ಇಲ್ಲ.

2003ರಲ್ಲಿ ರೋಲಿಂಗ್ ಸ್ಟೋನ್ಸ್ ಮೊದಲ ಬಾರಿ ಭಾರತಕ್ಕೆ ಬಂದರು. ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 7ರಂದು ಮುಂಬೈಯಲ್ಲಿ. ಆಗ ತಾನೆ ಕೆಲಸಕ್ಕೆ ಸೇರಿದ್ದ ನನಗೆ ಗೆಳೆಯನಿಂದ ಒಂದು ಟಿಕೆಟ್ಟು ಸಿಕ್ಕಿತು. ಮಾಮುವಿಗೆ ಹೇಳಿದೆ. "ಆ ಕೈ ಎತ್ತುವವನು ಬರುತ್ತಿದ್ದಾನಾ?" ಎಂದು ಎದ್ದು ಕೂತರು. ಇನ್ನೊಂದು ಟಿಕೆಟ್ಟಿಗೆ ಪ್ರಯತ್ನಿಸಬಹುದಿತ್ತು. ನನ್ನದನ್ನೇ ಕೊಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಟಿಕೆಟ್ಟಿನ ಬೆಲೆ ಒಂದು ಕಾರಣ. ಗೆಳೆಯರ ನಡುವೆ ಮಾಮುವನ್ನು ಹೇಗೆ ಕರೆದುಕೊಂಡು ನಿಲ್ಲಲಿ ಎಂಬುದು ನಿಜವಾದ ಕಾರಣ. "ಹೋಗಿ ನೋಡಿ ಬಾ ಬೇಟಾ, ನೀನು ನೋಡಿದರೆ ನಾನು ನೋಡಿದ ಹಾಗೆ" ಅಂದರು.

ಅಂದು ವಾಟ್ಸ್ ಅವರಿಗೆ 61. ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ನಾನು ಕೂಗಿದೆ, ಕುಣಿದೆ, ಮಿಕ್ ಜಾಗರ್ ಓಡಿದ ಕಡೆಗೆಲ್ಲ ಕಣ್ಣು ಓಡಿಸಿದೆ. ಮರುದಿನ ಬೆಳಿಗ್ಗೆ ಫಜರ್ ನಮಾಜು ಮುಗಿಸಿ ಮಾಮು ನೇರವಾಗಿ ನಮ್ಮ ಮನೆಗೆ ಬಂದರು. ನಾನಿನ್ನೂ ಮಲಗಿದ್ದೆ. ಕಾಲ ಹತ್ತಿರ ಕೂತು ಕೇಳಿದರು: "ಉಠಾಯಾ ಕ್ಯಾ?"

ನಾನು ಆ ಕೈಯನ್ನು ನೋಡಿರಲೇ ಇಲ್ಲ. ಮೂರು ಸಲವೂ ಆ ಕಡೆ ತಿರುಗಿರಲಿಲ್ಲ.

"ಹೌದು ಮಾಮು, ಎತ್ತಿದರು" ಅಂದೆ. ಅವರ ಮುಖ ನೋಡಲಾರದೆ ಚಾದರ ಎಳೆದುಕೊಂಡೆ.

ಮಾಮು 2009ರಲ್ಲಿ ಹೋದರು. ಅದಕ್ಕೂ ಎರಡು ವರ್ಷ ಮೊದಲೇ ಬಲಗೈ ಬಿದ್ದುಹೋಗಿತ್ತು.

ಸುದ್ದಿ ಬಂದ ಆ ರಾತ್ರಿ ನಾನು ನಿದ್ದೆಗೆಟ್ಟು ಹಳೆಯ ಚಿತ್ರೀಕರಣಗಳನ್ನು ನೋಡಿದೆ. ಹಾಡುಗಾರನಿಂದ ಕಣ್ಣು ಕಿತ್ತು ಹಿಂದೆ ಕೂತವರ ಮೇಲೆ ಇಟ್ಟೆ. ಬಲಗೈ ತಟ್ಟೆಯ ಮೇಲೆ, ತಟ್ಟೆಯ ಮೇಲೆ, ಈಗ ಎಡಗೈ, ಬಲಗೈ ಗಾಳಿಯಲ್ಲಿ. ಮತ್ತೆ ಅದೇ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದಿಲ್ಲ. ಯಾವುದರಲ್ಲಾದರೂ ನಿಪುಣನಾದವನನ್ನು ಕನ್ನಡದಲ್ಲಿ 'ಎತ್ತಿದ ಕೈ' ಎನ್ನುತ್ತೇವೆ. ಸಂಜೆಯ ಪಾಠದಲ್ಲಿ ಮೇಷ್ಟ್ರು ಹೇಳಿಕೊಟ್ಟ ಆ ನುಡಿಗಟ್ಟಿನ ಅರ್ಥ ಅಂದು ಕಣ್ಣಿಗೆ ಕಂಡಿತು. ನನ್ನ ಕಥೆಗಳಲ್ಲಿ ಒಬ್ಬ ಹೆಂಗಸು ಅಳುವಾಗ ಅವಳ ದುಃಖವನ್ನೂ ಪಕ್ಕದಲ್ಲೇ ಬರೆದುಬಿಡುವ ಚಾಳಿ ನನಗಿತ್ತು. ಎರಡೂ ಕೈ ಒಟ್ಟಿಗೆ ಹೊಡೆಯುವುದು. ಈಗ ಒಂದನ್ನು ಎತ್ತಲು ನೋಡುತ್ತೇನೆ. ಯಾವಾಗಲೂ ಆಗುವುದಿಲ್ಲ.

ಮರುವಾರ ಮುಮಾನಿಯನ್ನು ನೋಡಲು ಹೋದೆ. ಅಡುಗೆಮನೆಯ ಕಿಟಕಿಯ ಬಾಗಿಲು ಹೊಡೆದುಕೊಳ್ಳದಂತೆ ಒಂದು ಕೋಲು ಸಿಕ್ಕಿಸಿದ್ದರು. ಮಾಮುವಿನ ಡ್ರಮ್ಮಿನ ಕೋಲು. ಡ್ರಮ್ಮು ಎಂದೋ ಮಾರಿಹೋಗಿತ್ತು. ಟೀ ಕುಡಿಯುತ್ತ ಸುಮ್ಮನೆ ಹೇಳಿದೆ, ಲಂಡನ್ನಿನಲ್ಲಿ ಒಬ್ಬ ಡ್ರಮ್ಮಿನವರು ತೀರಿಕೊಂಡರು ಎಂದು.

"ಆ ಕೈ ಎತ್ತುವವರಾ?" ಅಂದರು ಮುಮಾನಿ. "ನಿಮ್ಮ ಮಾಮು ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮ ಹುಡುಗ ಕಣ್ಣಾರೆ ನೋಡಿ ಬಂದಿದ್ದಾನೆ, ಹೌದು ಅಂದ, ಅಂತ."

ನಾನು ಟೀ ಲೋಟವನ್ನು ಕೆಳಗಿಟ್ಟೆ. ಗಾಳಿಗೆ ಕಿಟಕಿ ಅಲುಗಿತು. ಕೋಲು ಅದನ್ನು ಹಿಡಿದು ನಿಲ್ಲಿಸಿತು.

"ಹೌದು ಮುಮಾನಿ, ಎತ್ತುತ್ತಿದ್ದರು. ಎರಡಕ್ಕೆ ಒಂದು ಸಲ, ನಾಲ್ಕಕ್ಕೆ ಒಂದು ಸಲ" ಅಂದೆ.