ಕಸುಬಿನ ಕಾಲಂ

"ಅಕ್ಕಾ, ಕಸುಬು ಏನಂತ ಬರೀಲಿ?"

ತೆರಿಗೆ ರಿಟರ್ನ್ ತುಂಬಿಕೊಡುವ ಹುಡುಗ ಹೀಗೆ ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಧಾರ್ ಕೊಟ್ಟಿದ್ದೆವು, ಪ್ಯಾನ್ ಕಾರ್ಡ್ ಕೊಟ್ಟಿದ್ದೆವು, ಪಾಸ್‌ಬುಕ್ ಕೊಟ್ಟಿದ್ದೆವು. ಬಾಯಿಂದ ಒಂದು ಮಾತು ಮಾತ್ರ ಬರಲಿಲ್ಲ.

ನಮ್ಮಲ್ಲೊಬ್ಬಳ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಸಾಲ ಕೇಳಿದರೆ ಬ್ಯಾಂಕಿನವರು ತಂದೆಯ ಆದಾಯದ ಕಾಗದ ತನ್ನಿ ಅಂದರು. ತಂದೆ ಇಲ್ಲ. ಹಾಗಾದರೆ ತಾಯಿಯ ರಿಟರ್ನ್ ತನ್ನಿ ಅಂದರು. ಅದಕ್ಕೇ ಬಂದದ್ದು.

"ಹೊಲಿಗೆ ಅಂತ ಬರ್ಯಪ್ಪ" ಅಂದಳು ಒಬ್ಬಳು. ಕಾಗದದ ಮೇಲೆ ನಾವು ಮಾಡದ ಕೆಲಸವಿಲ್ಲ. ರೇಷನ್ ಕಾರ್ಡಿನಲ್ಲಿ ಕೂಲಿ, ಶಾಲೆಯಲ್ಲಿ ಮನೆಗೆಲಸ, ಆಸ್ಪತ್ರೆಯಲ್ಲಿ ಹೂವಿನ ವ್ಯಾಪಾರ. ಸೂಜಿಗೆ ದಾರ ಪೋಣಿಸಲೂ ಈಗ ಕಣ್ಣು ಕಾಣವು.

ನಮ್ಮೂರು ಹಂಪಿಗೆ ಹತ್ತಿರ. ಅಲ್ಲಿ ಅಚ್ಯುತರಾಯನ ಗುಡಿಯ ಮುಂದಿನ ಬೀದಿಗೆ ಸೂಳೆ ಬಜಾರ ಅಂತಲೇ ಹೆಸರು. ಗೈಡುಗಳು ನಗುತ್ತಾ ಹೇಳುತ್ತಾರೆ, ಜನ ಫೋಟೋ ಹೊಡೆಯುತ್ತಾರೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದು ಮಾತು ಬರೆದಿಟ್ಟಿದ್ದಾನೆ: ಪೊಲೀಸರ ಸಂಬಳದ 12,000 ಪಣ ಬರುತ್ತಿದ್ದದ್ದು ಇಂಥ ಹೆಂಗಸರ ಮನೆಗಳ ಆದಾಯದಿಂದ. ಅಂದರೆ ಸಾಮ್ರಾಜ್ಯದ ಕಾವಲು ನಡೆದದ್ದು ನಮ್ಮಂಥವರ ಮೈಯ ದುಡಿಮೆಯಿಂದ. ಇವತ್ತೂ ಪೊಲೀಸರ ಕೈಗೆ ನಮ್ಮ ದುಡ್ಡು ಹೋಗುತ್ತದೆ. ಆಗ ಖಜಾನೆಯ ಮೂಲಕ ಹೋಗುತ್ತಿತ್ತು, ಈಗ ಅಂಗೈಯಿಂದ ಅಂಗೈಗೆ. ಮಾಮೂಲಿಗೆ ರಸೀದಿ ಇಲ್ಲ. ಖರ್ಚು ಅಂತ ರಿಟರ್ನ್‌ನಲ್ಲಿ ಕಳೆಯೋ ಹಾಗೂ ಇಲ್ಲ.

ತೆರಿಗೆ ಕಾನೂನಿಗೆ ಮಡಿ ಮೈಲಿಗೆ ಇಲ್ಲ. ಗಳಿಕೆ ಎಲ್ಲಿಂದ ಬಂದರೂ ಅದಕ್ಕೆ ಗಳಿಕೆಯೇ. ಕಳ್ಳಸಾಗಣೆಯವನೊಬ್ಬನ ಮುಟ್ಟುಗೋಲಾದ ನೋಟನ್ನು ಅವನ ವ್ಯಾಪಾರದ ನಷ್ಟ ಎಂದು ಕಳೆಯಲು ಸುಪ್ರೀಂ ಕೋರ್ಟು 1980ರಲ್ಲಿ ಒಪ್ಪಿತ್ತು. ಮೈಲಿಗೆ ಇರುವುದು ಇನ್ನೊಂದು ಕಾನೂನಿನಲ್ಲಿ. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆಯ ಪ್ರಕಾರ ನಮ್ಮ ಕಸುಬೇ ಅಪರಾಧವಲ್ಲ. ಆದರೆ ಬೀದಿಯಲ್ಲಿ ನಿಂತು ಗಿರಾಕಿಯನ್ನು ಕರೆದರೆ ಅಪರಾಧ. ಇಬ್ಬರು ಕೂಡಿ ಒಂದು ಮನೆಯಲ್ಲಿ ಕಸುಬು ಮಾಡಿದರೆ ಅದು ವೇಶ್ಯಾಗೃಹ. ಅದರ 4ನೇ ಕಲಂ ಇನ್ನೂ ಘೋರ. 18 ದಾಟಿದ ಯಾರೇ ಆಗಲಿ, ಗೊತ್ತಿದ್ದೂ ನಮ್ಮ ಈ ಗಳಿಕೆಯಲ್ಲಿ ಬದುಕಿದರೆ ಎರಡು ವರ್ಷದವರೆಗೆ ಜೈಲು.

ಮಗಳಿಗೆ ಹೋದ ತಿಂಗಳು 18 ತುಂಬಿತು.

ನಿಜ ಬರೆದರೆ ನಮ್ಮ ಅನ್ನ ಉಂಡ ಮಗಳೇ ಆರೋಪಿ. ಸುಳ್ಳು ಬರೆದರೆ ಸರ್ಕಾರಕ್ಕೆ ಸುಳ್ಳು ಹೇಳಿದ ತಪ್ಪು ನಮ್ಮದು. ಬರೆಯದೇ ಹೋದರೆ ಸಾಲವಿಲ್ಲ, ಸೀಟು ಇಲ್ಲ, ಅವಳೂ ನಮ್ಮ ದಾರಿಗೇ ಬರಬೇಕು. ನಮ್ಮಲ್ಲಿಬ್ಬರು ದೇವರಿಗೆ ಬಿಟ್ಟ ತಾಯಂದಿರ ಮಕ್ಕಳು. 1982ರಲ್ಲಿ ದೇವದಾಸಿ ನಿಷೇಧದ ಕಾಯಿದೆ ಬಂತು. ಮುತ್ತು ಕಟ್ಟುವುದು ತಪ್ಪು ಅಂದಿತು, ಸರಿ. ಕಟ್ಟಿಸಿಕೊಂಡವರ ಹೊಟ್ಟೆಗೆ ಏನು ಅಂತ ಯಾವ ಗೌಡ, ಯಾವ ಪೂಜಾರಿ ಕೇಳಿದ?

2022ರ ಮೇ 19ರಂದು ಸುಪ್ರೀಂ ಕೋರ್ಟು ಒಂದು ಒಳ್ಳೆ ಮಾತು ಹೇಳಿತು. ವಿಳಾಸದ ಪುರಾವೆ ಇಲ್ಲದಿದ್ದರೂ ನಮಗೆ ಆಧಾರ್ ಕೊಡಬೇಕು, ಕಸುಬಿನ ಗುರುತು ಅದರಲ್ಲಿ ಬೀಳಬಾರದು ಅಂದಿತು. ಕಾರ್ಡು ಬಂತು. ಒಂದು ಕಡೆ ಕಸುಬು ಮುಚ್ಚಿಡಿ ಅನ್ನುತ್ತಾರೆ, ಇನ್ನೊಂದು ಕಡೆ ಬರೀರಿ ಅನ್ನುತ್ತಾರೆ.

ಹೊರದೇಶದ ಕತೆಯೂ ಕೇಳಿದ್ದೇವೆ. ಜರ್ಮನಿಯಲ್ಲಿ 2002ರ ಕಾನೂನು ಈ ಕಸುಬಿನ ಕರಾರನ್ನು ಒಪ್ಪಿತು. ಅಲ್ಲಿನ ಬಾನ್ ನಗರದಲ್ಲಿ 2011ರಲ್ಲಿ ಬೀದಿಯಲ್ಲೇ ಯಂತ್ರ ನಿಲ್ಲಿಸಿದರು: ರಾತ್ರಿಗೆ 6 ಯೂರೋ ಹಾಕಿ ಚೀಟಿ ತಗೊಂಡು ನಿಲ್ಲಬೇಕು. ಮರ್ಯಾದೆ ಬರೋ ಮೊದಲು ಎಲ್ಲಾ ಕಡೆ ತೆರಿಗೆ ಬರುತ್ತದೆ ಅನ್ನಿಸಿತು. ಆದರೆ ಚೀಟಿ ಅಂತೂ ಕೊಡುತ್ತಾರೆ!

ಹುಡುಗ ಲೆಕ್ಕ ಹಾಕಿದ. ವರ್ಷದ ಗಳಿಕೆ 2,20,000. "ನಾಲ್ಕು ಲಕ್ಷದೊಳಗೆ ಐತೆ ಅಕ್ಕಾ. ತೆರಿಗೆ ಸೊನ್ನೆ. ಜಿಎಸ್‌ಟಿ ನೋಂದಣಿಯಂತೂ ಬೇಕಾಗೇ ಇಲ್ಲ, ಅದು 20 ಲಕ್ಷದ ಮೇಲೆ." ನಾವು ನಕ್ಕೆವು. ಸೊನ್ನೆ ಅಂತೆ! ಗಿರಾಕಿಯ ಫೋನು ಬರಲಿ ಅಂತ ಹಾಕಿಸೋ ರೀಚಾರ್ಜಿಗೆ ನೂರಕ್ಕೆ 18, ಅವನು ಹೋದ ಮೇಲೆ ಮೈ ತೊಳೆಯೋ ಸೋಪಿಗೆ ನೂರಕ್ಕೆ 5 ಕಟ್ಟುತ್ತಲೇ ಇದ್ದೇವೆ. ಕಾಂಡೋಮಿಗೆ ಮಾತ್ರ ತೆರಿಗೆ ಇಲ್ಲ.

ಕೊನೆಗೆ ಹುಡುಗ ತಾನೇ ಪಟ್ಟಿ ಜಾಲಾಡಿದ. ಯಾಕೆ ಸುಮ್ಮನಿದ್ದೇವೆಂದು ಅವನಿಗೆ ತಿಳಿದಿತ್ತು, ಕೇಳಲಿಲ್ಲ. "ಇತರೆ ಸೇವೆಗಳು ಅಂತ ಐತೆ, ಹಾಕ್ಲಾ?" ಅಂದ. ಹಾಕು ಅಂದೆವು. ಅದು ಸುಳ್ಳಲ್ಲ. ಊರ ಹೊರಗೆ ಇತರರಾಗಿಯೇ ಹುಟ್ಟಿದವರು ನಾವು.

ಕಾಗದ ಬ್ಯಾಂಕಿಗೆ ಹೋಗಿದೆ, ಕಾಯುತ್ತಿದ್ದೇವೆ. ನಮಗೆ ಯಾರ ಕನಿಕರವೂ ಬೇಡ. ನಮ್ಮ ಮಕ್ಕಳನ್ನು ಅಪರಾಧಿ ಮಾಡುವ ಆ ಕಲಂ ತೆಗೆಯಿರಿ. ಆಮೇಲೆ ನಮ್ಮ ಕಸುಬನ್ನು ನಾವೇ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಎಷ್ಟು ಬರುತ್ತೋ ಅಷ್ಟು ತೆರಿಗೆ ಕಟ್ಟುತ್ತೇವೆ, ರಸೀದಿ ಕೇಳಿ ಇಸಿದುಕೊಳ್ಳುತ್ತೇವೆ.