ಸುಮ್ಮನಿರಬೇಕಾದ ಪೆಟ್ಟಿಗೆ

ಟೇಪ್ ರೆಕಾರ್ಡರು ಮೆರೆಯುತ್ತಿದ್ದ ಕಾಲದಲ್ಲಿ ನಮ್ಮೂರು ಚಿಮ್ಮಡದ ತರುಣರು ನೀರಿನ ಹರವಿಯ ಬಾಯಿಗೆ ಸ್ಪೀಕರನ್ನು ಮೇಲ್ಮುಖವಾಗಿ ಕೂರಿಸಿ, ಶ್ರೀಕೃಷ್ಣ ಪಾರಿಜಾತದ ಪದಗಳನ್ನು ಇಡೀ ಓಣಿಗೆ ಕೇಳಿಸುತ್ತಿದ್ದರು. ನಮ್ಮ ಅಣ್ಣನೂ ಅವರಲ್ಲೊಬ್ಬನು. ಅವ್ವ ಬೇಸಗೆಗೆಂದು ಸಂತೆಯಿಂದ ತಂದ ಹೊಸ ಹರವಿ ಸಂಗೀತಸೇವೆಗೆ ಸಂದುಹೋದುದು ಹಾಗೆಯೇ. ಯಾವ ಗ್ರಂಥವನ್ನೂ ಓದದ ಆ ತರುಣರು ಧ್ವನಿಶಾಸ್ತ್ರದ ಮೂಲತತ್ತ್ವವೊಂದನ್ನೇ ಹಿಡಿದಿದ್ದರೆಂಬುದು, ಬಿಡಿಭಾಗಗಳ ಕಿಟ್ ತರಿಸಿಕೊಂಡು ಹಿತ್ತಲ ಕೋಣೆಯಲ್ಲಿ ಸ್ಪೀಕರ್ ಕಟ್ಟುವ ವ್ಯಸನಕ್ಕೆ ನಾನು ಬಿದ್ದ ಮೇಲೆ ಮನದಟ್ಟಾಯಿತು.

ಸ್ಪೀಕರಿನ ಕಾಗದದ ಶಂಕುವು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುವಂತೆಯೇ ಹಿಂದಿನ ಗಾಳಿ ವಿರಳವಾಗುತ್ತದೆ. ಮಂದ್ರನಾದದ ತರಂಗವಾದರೋ ಬಹು ದೀರ್ಘವಾದುದು, ಸೆಕೆಂಡಿಗೆ 40 ಸ್ಪಂದನಗಳ ನಾದಕ್ಕೆ ಸುಮಾರು 8.5 ಮೀಟರು, ಆದುದರಿಂದ ಹಿಂದಿನದು ಅಂಚನ್ನು ಬಳಸಿ ಬಂದು ಮುಂದಿನದನ್ನು ಅಳಿಸಿಹಾಕುತ್ತದೆ. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿಯನ್ನು ತೂಗಿಬಿಟ್ಟ ಇಂದಿನ ಸ್ಪೀಕರಿನ ಮಾದರಿಯನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಲೋಕದ ಮುಂದಿಟ್ಟಾಗಲೂ ಈ ಎರಡು ಗಾಳಿಗಳ ನಡುವೆ ಗೋಡೆಯೊಂದು ಅವಶ್ಯವಾಗಿತ್ತು. ಹರವಿಯು ಅಂಥ ಗೋಡೆಯೇ. ಆದರೆ ಎಷ್ಟು ದೊಡ್ಡ ಸ್ಪೀಕರಿಗೆ ಎಷ್ಟು ಗಾಳಿ? ಆಸ್ಟ್ರೇಲಿಯಾದ ನೆವಿಲ್ ಥೀಲೆ 1961ರಲ್ಲಿಯೂ, ಅವರ ಜಾಡಿನಲ್ಲಿ ನಡೆದ ರಿಚರ್ಡ್ ಸ್ಮಾಲ್ 1970ರ ದಶಕದ ಆದಿಯಲ್ಲಿಯೂ ಇದನ್ನು ಗಣಿತಕ್ಕೆ ಕಟ್ಟಿಕೊಟ್ಟುದರಿಂದಲೇ ನನ್ನಂಥವನು ಇಂದು ಲೆಕ್ಕ ಹಾಕಿ ಗರಗಸ ಹಿಡಿಯಬಹುದಾಗಿದೆ.

ಗರಗಸವನ್ನು ಹಿಡಿದವರು ವಾಸ್ತವವಾಗಿ ನಮ್ಮೂರಿನ ಬಡಿಗೇರ ಮಾವನವರು. 18 ಮಿಲಿಮೀಟರು ದಪ್ಪದ ಪ್ಲೈವುಡ್ಡನ್ನು ಕಂಡೊಡನೆ ಅವರ ಮುಖ ಸಣ್ಣದಾಯಿತು.

“ಒಳಗ ಏನ್ ಇಡಾಂವಾ?”

“ಗಾಳಿರೀ, ಮಾವಾ.”

“ಗಾಳಿಗೆ ಇಷ್ಟ್ ದಪ್ಪನ ಹಲಗಿ ಯಾಕೋ? ಸಾಗವಾನಿ ತಾ, ತೆಳ್ಳಗ ಮಾಡಿ ಕೊಡ್ತೀನಿ. ಬಡದ್ರ ಗಂಟಿ ಬಾರಿಸಿಧಂಗ ನುಡೀಬೇಕು.”

ಮಾವನವರ ತರ್ಕ ಅಸಂಗತವೇನಲ್ಲ. ಕೃಷ್ಣೆಯಾಚೆಯ ಮಿರಜದಲ್ಲಿ, ಹಿಂದೆ ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ತಲೆಮಾರುಗಳಿಂದ ತಯಾರಿಸುತ್ತ ಬಂದಿರುವ, 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದ ತಂಬೂರಿಯಲ್ಲಿ ಒಣ ಬುರುಡೆಯೂ ಮೇಲಣ ತೆಳು ಹಲಗೆಯೂ ತಂತಿಯೊಡನೆ ತಾವೂ ಮಿಡಿಯಬೇಕು. ಅಲ್ಲಿ ಮಿಡಿಯದ ಮರ ನಿರುಪಯೋಗಿ. ಸ್ಪೀಕರಿನ ಪೆಟ್ಟಿಗೆಗೆ ಮಾತ್ರ ಆ ಅಧಿಕಾರವಿಲ್ಲ. ಅನ್ಯರ ಹಾಡನ್ನು ತಲುಪಿಸಬೇಕಾದುದು ನಡುವೆ ತನ್ನ ಸ್ವರವನ್ನು ಬೆರೆಸಿತೆಂದರೆ, ಮದುವೆಯ ಮಾತುಕತೆಯಲ್ಲಿ ತನ್ನ ಮನೆಯ ಸುದ್ದಿಯನ್ನೇ ಹೇಳುವ ಮಧ್ಯಸ್ಥನ ಗತಿಯಾದೀತು. ಸಾಗವಾನಿಯ ಅಖಂಡ ಹಲಗೆ ಋತುವಿಗನುಸಾರವಾಗಿ ಹಿಗ್ಗಿ ಕುಗ್ಗುವ ತೊಡಕು ಬೇರೆ. ಇದನ್ನೆಲ್ಲ ಕೇಳಿದ ಮಾವನವರು, ಒಳಗಡೆಯ ಪ್ರತಿಧ್ವನಿಯನ್ನು ಹೀರಲೆಂದು ನಾನು ಹತ್ತಿಯನ್ನು ತುಂಬತೊಡಗಿದಾಗ, “ಪೆಟ್ಟಿಗಿಗೂ ಗಾದಿ ಬೇಕಾತೇನೋ?” ಎಂದು ನಕ್ಕರು. ಅವರು ಕೂಡಿಸಿದ ಮೂಲೆಗಳಲ್ಲಿ ಮಾತ್ರ ಗಾಳಿಯು ಎಳ್ಳಷ್ಟೂ ಸೋರಲಿಲ್ಲ. ಆ ಕೈಚಳಕ ಕಿಟ್‌ನೊಡನೆ ಬರುವ ವಸ್ತುವಲ್ಲ.

ತೀಕ್ಷ್ಣಸ್ವರಗಳನ್ನು ಸಣ್ಣ ಟ್ವೀಟರಿಗೂ ಮಂದ್ರಸ್ವರಗಳನ್ನು ವೂಫರಿಗೂ ಹಂಚುವ ಕ್ರಾಸ್‌ಓವರನ್ನು ಬೆಸೆದು ಮುಗಿಸಿ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಹಚ್ಚಿದೆನು. ಮಾವನವರು ಕಣ್ಣುಮುಚ್ಚಿ ಬಹಳ ಹೊತ್ತು ಕೇಳಿದರು. ಬಳಿಕ ಎದ್ದುಬಂದು ಪೆಟ್ಟಿಗೆಯ ಪಕ್ಕೆಯನ್ನು ಬೆರಳಗೆಣ್ಣಿನಿಂದ ಬಡಿದು ನೋಡಿ, “ಹಾಡೇನೋ ಛಲೋ ಬರತೈತಿ,” ಎಂದರು. “ಖರೆ, ಮುಂದಿನ ಜೋಡಿಗೆ ಸಾಗವಾನಿ ತಾ.”